ಹಿಡಿ ಅರ್ಧ ಇಳಿದಾಗ ಆಡಿದ ಮಾತು

ಮುಐದರ್, ಕತಾರ್
ಜುಲೈ, 2008

ಅಪ್ಪಯ್ಯ ಅವರಿಗೆ,

ಮೊಯ್ದಿನ್ ಕುಂಞಿ ನಾಳಿದ್ದು ಊರಿಗೆ ಹೊರಟಿದ್ದಾರೆ. ನಮ್ಮ ವಿಲ್ಲಾದ ಕೆಳಗಿನ ಭಾಗದಲ್ಲಿ ಅವರ ರಟ್ಟಿನ ಪೆಟ್ಟಿಗೆ ಬಾಯಿ ತೆರೆದು ಕೂತಿದೆ. ಬೀದಿಯಲ್ಲಿರುವ ಊರಿನವರೆಲ್ಲ ಒಬ್ಬೊಬ್ಬರಾಗಿ ಬಂದು ಅದರೊಳಗೆ ಏನಾದರೂ ತುರುಕಿ ಹೋಗುತ್ತಿದ್ದಾರೆ. ಹಾಲಿನ ಪುಡಿ, ಅತ್ತರು, ಕಂಬಳಿ, ಯಾರದೋ ಮಗಳಿಗೆಂದು ಕೂದಲು ಒಣಗಿಸುವ ಯಂತ್ರ. ಅವರ ಹೆಂಡತಿ ಝೊಹರಾ ಮೆಟ್ಟಿಲ ಬುಡದಲ್ಲಿ ನನ್ನನ್ನು ತಡೆದು, "ನಿನ್ನದು ಎಂತದೂ ಇಲ್ವಾ? ನಮ್ಮ ಹೆಜಮಾಡಿಯಿಂದ ಹೊಳೆ ದಾಟಿದರೆ ಮುಲ್ಕಿ. ಒಂದು ಕಾಗದವಾದರೂ ಕೊಡು. ಕಾಗದಕ್ಕೆ ತೂಕ ಇಲ್ಲ," ಎಂದಳು. ಅವಳಿಗೆ ಎಲ್ಲ ಗೊತ್ತಿದೆ. ಅಥವಾ ಗೊತ್ತಿರುವವಳಂತೆ ನಟಿಸುವುದು ಅವಳಿಗೆ ಗೊತ್ತಿದೆ.

ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಅಕ್ಕನ ಮನೆಯ ಫೋನು ಜಗಲಿಯಲ್ಲಿದೆ ಎಂದು ನೀವೇ ಹೇಳಿದ್ದೀರಿ. ಪೂವಕ್ಕ ಅಕ್ಕಿ ಆರಿಸುತ್ತಾ ಪಕ್ಕದಲ್ಲೇ ಕೂತಿರುತ್ತಾರೆ, ನೀವು "ಹೌದು", "ಇಲ್ಲ", "ಮಳೆ ಉಂಟು" ಎನ್ನುತ್ತೀರಿ, ಅಷ್ಟರಲ್ಲಿ ನನ್ನ ಕಾರ್ಡ್ ಮುಗಿಯುತ್ತಾ ಬಂತು ಎಂದು ಯಾರೋ ಹೆಂಗಸು ಅರಬ್ಬಿಯಲ್ಲಿ ಎಚ್ಚರಿಸುತ್ತಾಳೆ. ಹಾಗಾಗಿ ಬರೆಯುತ್ತಿದ್ದೇನೆ.

ಇಂಗ್ಲಿಷಿನಲ್ಲೇ ಶುರು ಮಾಡಿದ್ದೆ. ನನಗೆ ಬರೆಯುವುದಕ್ಕೆ ಸಲೀಸಾದ ಭಾಷೆ ಅದು. ಮಂಗಳೂರಿನ ನಮ್ಮ ಕಾನ್ವೆಂಟಿನಲ್ಲಿ ಕನ್ನಡ ಮಾತನಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ಮನೆಯಲ್ಲಿ ಕೊಂಕಣಿ. ಕನ್ನಡ ನನಗೆ ಬಸ್ಸಿನಿಂದ, ಮೀನಿನ ಪೇಟೆಯಿಂದ, ಮನೆಗೆ ಬರುತ್ತಿದ್ದ ಪತ್ರಿಕೆಯಿಂದ ಬಂದದ್ದು. ಇಂಗ್ಲಿಷಿನ ಹಾಳೆ ಓದಿ ನೋಡಿದೆ. ಸರಿಯಾಗಿತ್ತು, ವಿನಯವಾಗಿತ್ತು, ನಾನು ಕ್ಲಬ್ಬಿನ ಕಚೇರಿಯಿಂದ ಸದಸ್ಯರಿಗೆ ಬರೆಯುವ ಪತ್ರದಂತಿತ್ತು. ಹರಿದುಹಾಕಿದೆ. ಕನ್ನಡದಲ್ಲಿ ಹಾಗೆ ಬಚ್ಚಿಟ್ಟುಕೊಳ್ಳುವಷ್ಟು ಪರಿಣತಿ ನನಗಿಲ್ಲ. ಅದಕ್ಕೇ ಈ ಭಾಷೆ ಇರಲಿ.

ನೀವು ಮೊದಲ ಸಲ ಬಂದ ಬೆಳಿಗ್ಗೆ ಮಂಜು ಕವಿದಿತ್ತು. ಇಲ್ಲಿಯ ಜನವರಿಯ ಮಂಜು ಸಮುದ್ರದಿಂದ ಎದ್ದು ಮರಳಿನ ಮೇಲೆ ಮಲಗುತ್ತದಲ್ಲ, ಅಂಥದ್ದು. ಅಲ್ ಖೋರ್ ರಸ್ತೆಯಲ್ಲಿ ನಮ್ಮ ಶೂಟಿಂಗ್ ಕ್ಲಬ್ಬಿನ ಗೇಟು ಇದೆಯೋ ಇಲ್ಲವೋ ಎಂಬಂತಿತ್ತು. ಅದರೊಳಗಿಂದ ನೀವು ಕೈಯಲ್ಲಿ ಒಂದು ಸಣ್ಣ ಚೀಲ ಹಿಡಿದು, ಯಾರದೋ ಮನೆಗೆ ಊಟಕ್ಕೆ ಬಂದವರ ಹಾಗೆ ಸಂಕೋಚದಿಂದ ನಡೆದು ಬಂದಿರಿ. ರಾಸ್ ಲಫಾನಿನ ಗ್ಯಾಸ್ ಸ್ಥಾವರದಲ್ಲಿ ಕಂಪ್ರೆಸರ್ ಮೆಕ್ಯಾನಿಕ್, ನಿಮ್ಮ ಮೇಲಧಿಕಾರಿ ನಮ್ಮ ಕ್ಲಬ್ಬಿನ ಸದಸ್ಯ, ಅವರೇ ಕಳಿಸಿದ್ದಾರೆ ಎಂದಷ್ಟೇ ನನಗೆ ಹೇಳಿದ್ದರು. ಮರದ ಪೆಟ್ಟಿಗೆಗಳಲ್ಲಿ ಬಂದು ಬಿದ್ದಿದ್ದ ಯಂತ್ರವನ್ನು ಜೋಡಿಸುವವರು ಯಾರೂ ಇರಲಿಲ್ಲ. ಹಾರಿಸಿ ಖಾಲಿಯಾದ ತೋಟೆಗಳು ಗೋಣಿಗಟ್ಟಲೆ ಬಿದ್ದಿದ್ದವು, ಕೆಂಪು, ಹಸಿರು, ಹಳದಿ. ಅವಕ್ಕೆ ಮತ್ತೆ ಮದ್ದು, ಚರೆ ತುಂಬಿ ಅಭ್ಯಾಸಕ್ಕೆ ಬಳಸಬೇಕೆಂದು ಯಜಮಾನರ ಆಸೆ, ಅದಕ್ಕೆ ಬೇಕಾದ ಪರವಾನಗಿ ಎಲ್ಲ ಬಂದಿತ್ತು. ಕಚೇರಿಯ ಕೆಲಸದ ಜೊತೆ ಆ ಕೋಣೆಯನ್ನೂ ನೋಡಿಕೊಳ್ಳುವವಳು ನಾನು ಎಂದು ತೀರ್ಮಾನವಾಗಿತ್ತು. ಯಾಕೆ ನಾನು ಎಂದು ಯಾರೂ ಹೇಳಲಿಲ್ಲ. ಕೈಪಿಡಿ ಇಂಗ್ಲಿಷಿನಲ್ಲಿತ್ತು, ಬಹುಶಃ ಅದಕ್ಕೇ.

"ನೀವು ಓದಿ, ನಾನು ಬಿಗಿಯುತ್ತೇನೆ ಬಾಯಮ್ಮ," ಎಂದಿರಿ. ಬಾಯಮ್ಮ. ಊರಿನಲ್ಲಿ ನಿಮ್ಮವರು ನಮ್ಮ ಕ್ರಿಸ್ತುವ ಹೆಂಗಸರನ್ನು ಕರೆಯುವ ಹೆಸರು. ಅದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ನಮ್ಮ ಅಮ್ಮನನ್ನು ಹಾಗೆ ಕರೆಯುತ್ತಿದ್ದರು. ನಾನೂ ಆ ವಯಸ್ಸಿಗೆ ಬಂದೆನೇ ಎಂದು ಒಂದು ಕ್ಷಣ ಕಸಿವಿಸಿಯಾಯಿತು. ಆಮೇಲೆ, ಇಡೀ ದಿನ, ಒಳಗೆ ಎಲ್ಲೋ ದೋಣಿ ದಡಕ್ಕೆ ತಾಗಿದ ಹಾಗೆ.

ಮೊದಲು ನೀವು ಯಂತ್ರವನ್ನು ಮುಟ್ಟಲೇ ಇಲ್ಲ. ಮೇಜನ್ನು ಅಲ್ಲಾಡಿಸಿ ನೋಡಿದಿರಿ. ಪ್ಲೈವುಡ್ಡಿನ ಮೇಜು ಮೂಗರ್ಜಿ ಹಾಕುವವನ ಕೈಯ ಹಾಗೆ ನಡುಗಿತು. "ಇದರ ಮೇಲೆ ಯಂತ್ರ ಕೂರಿಸಿದರೆ ಪ್ರತಿ ಎಳೆತಕ್ಕೂ ಮದ್ದು ಹೆಚ್ಚು ಕಡಿಮೆ ಬೀಳುತ್ತದೆ," ಎಂದು ಹೊರಟೇ ಹೋದಿರಿ. ಮುಂದಿನ ಶುಕ್ರವಾರ ಕಬ್ಬಿಣದ ದಪ್ಪ ಹಾಳೆಯೊಂದಿಗೆ ಬಂದು, ಮೇಜನ್ನು ನೆಲಕ್ಕೆ ಬೋಲ್ಟ್ ಹಾಕಿ, ರಸಮಟ್ಟ ಇಟ್ಟು ಅದರೊಳಗಿನ ಗಾಳಿಗುಳ್ಳೆ ನಡುವಿಗೆ ಬರುವವರೆಗೆ ಕಾಯುತ್ತಾ ಕೂತಿರಿ. ಆ ಪುಟ್ಟ ಹಸಿರು ಗುಳ್ಳೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಈಜುವುದನ್ನು ನಾನೂ ಬಗ್ಗಿ ನೋಡುತ್ತಿದ್ದೆ. ಕಿಟಕಿಯ ಗಾಜಿಗೆ ಮರಳು ಹತ್ತಿ ಬೆಳಕು ಹಾಲಿನ ಹಾಗೆ ಆಗಿತ್ತು. ನಿದ್ದೆಯಲ್ಲಿ ಈಗಲೂ ಆ ಗುಳ್ಳೆ ಬರುತ್ತದೆ, ನೆಲೆ ಸಿಗದೆ ತೇಲುತ್ತದೆ.

ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವ ಯಂತ್ರಗಳೂ ಇವೆ ಎಂದು ಕೈಪಿಡಿ ಹೇಳಿತ್ತು. ನಮ್ಮದು ಹಾಗಲ್ಲ. ಗುಂಡಗಿನ ತಟ್ಟೆಯ ಸುತ್ತ ತೋಟೆಗಳು ನಿಲ್ಲುತ್ತವೆ. ಹಿಡಿಯನ್ನು ಒಮ್ಮೆ ಕೆಳಗೆ ಎಳೆದರೆ ಮೊದಲನೆಯದರ ಬುಡದಿಂದ, ಮದ್ದಿಗೆ ಕಿಡಿ ಹಚ್ಚಿ ಸುಟ್ಟುಹೋದ ಕೇಪು ಉದುರುತ್ತದೆ, ಅದೇ ಹೊತ್ತಿಗೆ ಮುಂದಿನದಕ್ಕೆ ಹೊಸ ಕೇಪು ಕೂರುತ್ತದೆ, ಅದರಾಚೆಯದಕ್ಕೆ ಮದ್ದು ಸುರಿಯುತ್ತದೆ, ಇನ್ನೊಂದಕ್ಕೆ ಪ್ಲಾಸ್ಟಿಕ್ ಬಟ್ಟಲೂ ಸೀಸದ ಚರೆಯೂ ಇಳಿಯುತ್ತವೆ, ಕೊನೆಯದರ ಬಾಯಿ ಮಡಚಿಕೊಳ್ಳುತ್ತದೆ. ಹಿಡಿ ಮೇಲೆ ಬಂದಾಗ ತಟ್ಟೆ ತಾನಾಗಿ ಒಂದು ಸ್ಥಾನ ಮುಂದೆ ತಿರುಗುತ್ತದೆ. ಅವನ್ನು ಸ್ಟೇಷನ್ ಎನ್ನುತ್ತಾರೆ ಎಂದು ನಾನು ಓದಿ ಹೇಳಿದೆ.

"ಸ್ಟೇಷನ್ ಅಂದರೆ ಒಂದಾ ರೈಲು, ಇಲ್ಲದಿದ್ದರೆ ಪೊಲೀಸು," ಎಂದಿರಿ. "ಚೆನ್ನೆಮಣೆ ಆಡಿದ್ದೀರಲ್ಲ? ಅದರಲ್ಲಿ ಕಾಯಿ ಮನೆಯಿಂದ ಮನೆಗೆ ಹೋಗುವುದಿಲ್ವಾ, ಹಾಗೆ. ಮನೆ ಅನ್ನುವ."

ಅಂದಿನಿಂದ ಕೇಪಿನ ಮನೆ, ಮದ್ದಿನ ಮನೆ, ಚರೆಯ ಮನೆ. ಕ್ಲಬ್ಬಿನಲ್ಲಿ ಬೇರೆ ಯಾರಿಗೂ ಅರ್ಥವಾಗದ ಮಾತು. ಸದಸ್ಯರೊಬ್ಬರು ಕೇಳಿದಾಗ ನನಗೆ ಸ್ಟೇಷನ್ ಎಂಬ ಪದ ತಟ್ಟನೆ ನೆನಪಾಗದೆ ತಡವರಿಸಿದ್ದೆ.

ಕೊನೆಯ ಮನೆ ನಮ್ಮನ್ನು ಬಹಳ ಕಾಡಿತು. ತೋಟೆಯ ಬಾಯಿ ಒಮ್ಮೆ ಕುಸಿದು ಒಳಗೆ ಹೋಗುತ್ತಿತ್ತು, ಒಮ್ಮೆ ಅರಳಿ ಚರೆ ಚೆಲ್ಲುತ್ತಿತ್ತು. ನಾನು ಕೈಪಿಡಿಯ ಅದೇ ಪುಟವನ್ನು ಮತ್ತೆ ಮತ್ತೆ ಓದಿದೆ. ನೀವು ತಿರುಪುಮೊಳೆಯನ್ನು ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ ತಿರುಗಿಸಿದಿರಿ. ಇಬ್ಬರೂ ಸೋತೆವು. ಆಮೇಲೆ ನೀವು ಕೆಟ್ಟ ತೋಟೆಯೊಂದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ನಮ್ಮ ಅಮ್ಮ ಬೀಡಿಯ ತಲೆ ಮಡಚುತ್ತಿದ್ದರು," ಎಂದಿರಿ. "ಎಲೆ ಒಣಗಿದ್ದರೆ ಸೀಳುತ್ತದೆ. ತುಂಬ ಒದ್ದೆ ಇದ್ದರೆ ಮಡಿಕೆ ಬಿಚ್ಚುತ್ತದೆ. ಒಳಗೆ ಹೊಗೆಸೊಪ್ಪು ಸರಿಯಾದ ಎತ್ತರಕ್ಕೆ ಬಂದಿದ್ದರೆ ಮಾತ್ರ ತಲೆ ಚಂದ ಕೂರುವುದು. ತಪ್ಪು ತಲೆಯದ್ದಲ್ಲ, ಒಳಗಿನದ್ದು." ಒಳಗಿನ ಬಟ್ಟಲು ಬೇರೆ ಅಳತೆಯದ್ದು ತರಿಸಿದೆವು. ಆಮೇಲೆ ಬಂದ ಮೊದಲ ತೋಟೆಯ ಬಾಯಿಯಲ್ಲಿ ಮಡಿಕೆಗಳೆಲ್ಲ ನಡುವಿಗೆ ಬಂದು ಸೇರಿ ನಕ್ಷತ್ರ ಮೂಡಿತ್ತು. ನೀವು ಅದನ್ನು ನನ್ನ ಅಂಗೈ ಮೇಲೆ ಇಟ್ಟಿರಿ. ಇನ್ನೂ ಬೆಚ್ಚಗಿತ್ತು. ಯಂತ್ರದ ಬಿಸಿಯೋ ಕೈಯದೋ ಎಂದು ಯೋಚಿಸುತ್ತಾ ನಾನು ಅದನ್ನು ಕೆಳಗಿಡಲು ಮರೆತೆ.

ನಿಮ್ಮ ಕೆಲವು ಕಟ್ಟಳೆಗಳು ನನ್ನ ಮೈಗೇ ಹತ್ತಿಬಿಟ್ಟಿವೆ. ಮೇಜಿನ ಮೇಲೆ ಎರಡು ಬಗೆಯ ಮದ್ದು ಒಟ್ಟಿಗೆ ಇರಕೂಡದು. ಸಂಜೆ ಯಂತ್ರದ ಸೀಸೆಯಲ್ಲಿ ಉಳಿದ ಮದ್ದನ್ನು ಅದರ ಡಬ್ಬಕ್ಕೇ ವಾಪಸು ಸುರಿಯಬೇಕು. ಹಿಡಿ ಕೈಗೆ ಬೇರೆ ಥರ ತಾಗಿದರೆ ಬಲ ಹಾಕದೆ ನಿಲ್ಲಿಸಬೇಕು. ಚಹಾ ಕುಡಿಯುವ ಮೊದಲು ಮೊಣಕೈವರೆಗೆ ಸಾಬೂನು, ಸೀಸ ಹೊಟ್ಟೆಗೆ ಹೋಗಬಾರದು. ನನ್ನ ರೂಮಿನಲ್ಲಿ ಒಬ್ಬಳೇ ಇರುವಾಗಲೂ ಮೊಣಕೈವರೆಗೆ ತೊಳೆಯುತ್ತೇನೆ. ಝೊಹರಾ ನೋಡಿ, "ಆಪರೇಷನ್ ಮಾಡಲಿಕ್ಕೆ ಉಂಟಾ ಡಾಕ್ಟ್ರೇ?" ಎನ್ನುತ್ತಾಳೆ.

ಮತ್ತೆ ಬಾಗಿಲು. ನಾವಿಬ್ಬರೂ ಒಳಗಿರುವಾಗ ಕೋಣೆಯ ಬಾಗಿಲು ಪೂರ್ತಿ ತೆರೆದಿರಬೇಕು ಎಂದು ಮ್ಯಾನೇಜರ್ ಹೇಳಿದ್ದರು. ಅದು ಸರಿಯೇ ಇತ್ತು. ಹೊರಗೆ ಕುರ್ಚಿ ಹಾಕಿ ಸುಡಾನಿನ ಕಾವಲುಗಾರರು ಜಪಮಣಿ ಎಣಿಸುತ್ತಾ ಕೂತಿರುತ್ತಿದ್ದರು. ಆದರೆ ಶಮಾಲ್ ಗಾಳಿ ಬೀಸಿದ ದಿನಗಳಲ್ಲಿ ಆ ಬಾಗಿಲಿನಿಂದ ಹಿಟ್ಟಿನಂಥ ಮರಳು ಒಳಬಂದು ಗ್ರೀಸಿಗೆ ಹತ್ತಿಕೊಳ್ಳುತ್ತಿತ್ತು. ತಟ್ಟೆ ತಿರುಗುವಾಗ ಕರಕರ ಎನ್ನುತ್ತಿತ್ತು. "ಮನುಷ್ಯರ ಮರ್ಯಾದೆ ಉಳಿಯಬೇಕಾದರೆ ಯಂತ್ರ ಮಣ್ಣು ತಿನ್ನಬೇಕು," ಎಂದು ನೀವು ನಗುತ್ತಾ ತಟ್ಟೆ ಬಿಚ್ಚಿ, ಹಳೆಯ ಗ್ರೀಸು ಒರೆಸಿ, ಹೊಸದನ್ನು ಬೆರಳ ತುದಿಯಲ್ಲಿ ಕುಂಕುಮದಷ್ಟು ಮಾತ್ರ ಹಚ್ಚುತ್ತಿದ್ದಿರಿ. ಹೆಚ್ಚು ಹಚ್ಚಿದರೆ ಮರಳಿಗೆ ಮನೆ ಕಟ್ಟಿಕೊಟ್ಟ ಹಾಗೆ, ಎಂದು. ಬಾಗಿಲು ಮುಚ್ಚಿದ್ದರೆ ನೀವು ಅಷ್ಟು ಸಲ ಬರಬೇಕಾಗಿರಲಿಲ್ಲ. ಆ ಗಾಳಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಉಪಕಾರ ಹೇಳಿದ್ದೇನೆ ಎಂದು ನಿಮಗೆ ಗೊತ್ತಿಲ್ಲ. ಈಗ ಗೊತ್ತಾಯಿತು.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಮೌನದ್ದು. ಹಿಡಿಯ ಮೇಲೆ ಕೈಯಿದ್ದವರನ್ನು ಯಾರೂ ಮಾತನಾಡಿಸಬಾರದು. ಎಳೆತ ಅರ್ಧಕ್ಕೆ ನಿಂತರೆ ತಟ್ಟೆಯ ಮೇಲಿನ ಎಲ್ಲವನ್ನೂ ತೆಗೆದು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಯಾವ ತೋಟೆಗೆ ಏನು ಬಿದ್ದಿದೆ, ಏನು ಬಿದ್ದಿಲ್ಲ ಎಂದು ಊಹಿಸಕೂಡದು. ಅದಕ್ಕೆ ನಮ್ಮ ಶುಕ್ರವಾರಗಳೆಲ್ಲ ಮಾತಿಲ್ಲದೆ ಹೋದವು. ನಾನು ಎಳೆಯುತ್ತಿದ್ದೆ, ನೀವು ಎದುರು ನಿಂತು ಮದ್ದಿನ ಮನೆಯನ್ನೇ ನೋಡುತ್ತಿದ್ದಿರಿ. ದೂರದಲ್ಲಿ ಮಹಿಳೆಯರ ಅಭ್ಯಾಸದ ಹೊತ್ತಿನಲ್ಲಿ ಹುಡುಗಿಯರು ಹಾರಿಸುತ್ತಿದ್ದರು. ಕಿತ್ತಳೆ ಬಣ್ಣದ ಮಣ್ಣಿನ ಬಿಲ್ಲೆ ಬಾಗಿಲಿನ ಚೌಕಟ್ಟಿನೊಳಗೆ ಹಾರಿಬಂದು ಪುಡಿಯಾಗುತ್ತಿತ್ತು, ಅದಾದ ಮೇಲೆ ಶಬ್ದ ಬರುತ್ತಿತ್ತು, ಶಬ್ದಕ್ಕೆ ಬರುವ ಮನಸ್ಸಿಲ್ಲವೇನೋ ಎಂಬಷ್ಟು ನಿಧಾನವಾಗಿ. ಹಿಡಿ ಇಳಿಯುತ್ತದೆ, ಏರುತ್ತದೆ, ತಟ್ಟೆ ತಿರುಗುತ್ತದೆ. ಎಷ್ಟೋ ಸಲ ನನಗೆ ನಾನು ಎಚ್ಚರವಿದ್ದೇನೆಯೇ ಎಂದು ಸಂದೇಹ ಬರುತ್ತಿತ್ತು. ಬೇರೆ ಜೋಡಿಗಳು ಕಡಲ ದಂಡೆಯ ಕಾರ್ನಿಷ್‌ನಲ್ಲಿ ನಡೆಯುತ್ತಾ ಮಾತನಾಡುತ್ತಾರೆ. ನಾವು ಸುರಕ್ಷತೆಯ ನಿಯಮ ಪಾಲಿಸುತ್ತಿದ್ದೆವು, ಅಷ್ಟೇ, ಎಂದು ನನಗೆ ನಾನೇ ಹೇಳಿಕೊಂಡೆ. ಜೋಡಿ ಎಂಬ ಪದ ಯಾವಾಗ ಒಳಬಂತು ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಆ ನಿಯಮವನ್ನು ಮುರಿದವರು ನೀವು.

ಮಾರ್ಚಿನ ಆ ಶುಕ್ರವಾರ. ನನ್ನ ಕೈಯಲ್ಲಿ ಹಿಡಿ ಅರ್ಧ ಇಳಿದಿತ್ತು. ನೀವು ಯಂತ್ರದ ಕಡೆ ನೋಡುತ್ತಿರಲಿಲ್ಲ. ಸ್ವಲ್ಪವೂ ಸ್ವರ ಏರಿಸದೆ, ಹವೆಯ ಬಗ್ಗೆ ಹೇಳುವವರ ಹಾಗೆ ಹೇಳಿದಿರಿ.

"ಇಲ್ಲಿ ಊರಿನವರು ಎಲ್ಲರೂ ನನ್ನನ್ನು ಅಪ್ಪಯ್ಯಣ್ಣ ಅನ್ನುತ್ತಾರೆ. ನನಗಿಂತ ದೊಡ್ಡವರೂ ಅನ್ನುತ್ತಾರೆ. ನೀವು ಮಾತ್ರ ಒಂದು ದಿನವೂ ಅಣ್ಣ ಅನ್ನಲಿಲ್ಲ."

ನಮ್ಮ ಕಡೆ ಇದು ಸಣ್ಣ ವಿಷಯವಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಬಸ್ಸಿನ ಕಂಡಕ್ಟರನಿಂದ ಹಿಡಿದು ಮೀನಿನವನವರೆಗೆ ಎಲ್ಲರೂ ನಮಗೆ ಅಣ್ಣಂದಿರೇ. ಹಾಗೆ ಕರೆದ ಮೇಲೆ ಎಲ್ಲರೂ ನಿಶ್ಚಿಂತರು. ನಾನು ನಿಮ್ಮನ್ನು ಏನೆಂದೂ ಕರೆಯುತ್ತಿರಲಿಲ್ಲ. "ಇಲ್ಲಿ ನೋಡಿ", "ನೀವು ಬಂದಿರಾ", "ಅದು ಹೀಗಾಯಿತು" ಎಂದು, ವಾಕ್ಯಗಳನ್ನು ಹೇಗೋ ಬಳಸಿಕೊಂಡು ಹೋಗುತ್ತಿದ್ದೆ. ಯಾರೂ ಗಮನಿಸಿಲ್ಲ ಎಂದುಕೊಂಡಿದ್ದೆ. ನಾನೇ ಗಮನಿಸಿಲ್ಲ ಎಂದು ಕೂಡ.

ಆಗ ನಾನು ಏನು ಮಾಡಿದೆ? ಕೈ ಸಡಿಲಾಯಿತು, ಅರ್ಧ ಇಳಿದಿದ್ದ ಹಿಡಿ ಮೇಲೆ ಹೋಯಿತು, ತಟ್ಟೆ ಒಂದು ಮನೆ ಮುಂದೆ ತಿರುಗಿತು. ಮದ್ದು ಬೀಳಬೇಕಿದ್ದ ತೋಟೆ ಮದ್ದಿಲ್ಲದೆ ದಾಟಿಹೋಯಿತು. ನಾನು ಕೇಳಿಸದವಳಂತೆ ಎಳೆಯುತ್ತಲೇ ಹೋದೆ. ಒಳ್ಳೆಯ ಮನೆಯ ಹೆಣ್ಣುಮಕ್ಕಳು ಇಂಥ ಮಾತು ಬಂದಾಗ ಕೇಳಿಸದವರಂತೆ ಇರಬೇಕು ಎಂದು ಯಾರು ಕಲಿಸಿದ್ದೋ, ನಲವತ್ತು ದಾಟಿದ ಕೈಗೆ ಅದು ತಾನಾಗಿ ನೆನಪಾಯಿತು. ಮತ್ತೆ ಎಳೆದೆ. ಮತ್ತೆ. ತೋಟೆಗಳು ಬಾಯಿ ಮಡಚಿಕೊಂಡು ಒಂದೊಂದಾಗಿ ಪೆಟ್ಟಿಗೆಗೆ ಬೀಳುತ್ತಿದ್ದವು, ಎಲ್ಲವೂ ಒಂದೇ ಥರ, ಎಲ್ಲದರ ತಲೆಯ ಮೇಲೂ ಚಂದದ ನಕ್ಷತ್ರ. ಮದ್ದಿನ ಮನೆಯನ್ನು ನೋಡುತ್ತಿರಬೇಕಿದ್ದ ನೀವು ನನ್ನ ಮುಖ ನೋಡುತ್ತಿದ್ದಿರಿ. ಬಹಳ ಹೊತ್ತಾದ ಮೇಲೆ ನಿಮ್ಮ ಕೈ ಬಂದು ಹಿಡಿಯ ಮೇಲೆ ಕೂತಿತು.

"ನಿಲ್ಲಿಸಿ. ನಾನು ಮಾತಾಡಿದೆ."

ಪೆಟ್ಟಿಗೆಯಲ್ಲಿ ಅಂದಿನ ಇಡೀ ಬೆಳಗಿನ ಕೆಲಸವಿತ್ತು, ಮರುದಿನ ಹುಡುಗಿಯರ ಅಭ್ಯಾಸಕ್ಕೆ. ತೂಗಿ ನೋಡೋಣವೇ ಎಂದು ಕೇಳಿದೆ. ನೀವು ತಲೆ ಅಲ್ಲಾಡಿಸಿದಿರಿ. ಮದ್ದಿನ ತೂಕ ಅಷ್ಟು ಕಡಿಮೆ, ಚರೆಯಲ್ಲಿ ಆಗುವ ಹೆಚ್ಚು ಕಡಿಮೆಯಲ್ಲೇ ಅದು ಮುಚ್ಚಿಹೋಗುತ್ತದೆ. ಹೊರಗಿನಿಂದ ತಕ್ಕಡಿಗೆ ಗೊತ್ತಾಗದು. ಕತ್ತರಿಸಿಯೇ ನೋಡಬೇಕು.

ಮೇಜಿಗೆ ಬಿಳಿ ಬಟ್ಟೆ ಹಾಸಿ ಎದುರುಬದುರು ಕೂತೆವು. ನೀವು ಚೂರಿಯಿಂದ ಸೀಳಿ ಕೊಡುತ್ತಿದ್ದಿರಿ, ನಾನು ಬಟ್ಟೆಯ ಮೇಲೆ ಸುರಿಯುತ್ತಿದ್ದೆ. ಒಂದು ಕಡೆ ಸೀಸದ ಗುಡ್ಡೆ, ಒಂದು ಕಡೆ ಮದ್ದಿನದು. ಹಿಡಿಯ ಮೇಲೆ ಯಾರ ಕೈಯೂ ಇರಲಿಲ್ಲ, ಮಾತನಾಡಬಹುದಿತ್ತು. ನೀವು ಮಾತನಾಡಿದಿರಿ. "ಹೆಸರಿನಲ್ಲೇ ಒಬ್ಬ ಅಪ್ಪ ಇದ್ದಾನೆ. ಅದಕ್ಕೆ ಅಣ್ಣನೂ ಸೇರಿದರೆ ಮನುಷ್ಯನಿಗೆ ಮತ್ತೆ ಎಂತ ಉಳಿಯುತ್ತದೆ, ಹೇಳಿ." ನನಗೆ ನಗು ಬಂತು. ತಡೆದುಕೊಂಡೆ. ಯಾಕೆ ತಡೆದುಕೊಂಡೆ? ನಕ್ಕಿದ್ದರೆ ಅದೇ ಉತ್ತರವಾಗುತ್ತಿತ್ತು ಎಂದು.

ಆಮೇಲೆ ಆ ತೋಟೆ ಸಿಕ್ಕಿತು. ಹಸಿರು ಬಣ್ಣದ್ದು. ಸೀಳಿದಾಗ ಚರೆ ಬಂತು, ಬಟ್ಟಲು ಬಂತು, ಅದರ ಕೆಳಗೆ ಏನೂ ಇರಲಿಲ್ಲ. ನೀವು ಅದನ್ನು ಕವುಚಿ ಬಟ್ಟೆಯ ಮೇಲೆ ತಟ್ಟಿದಿರಿ. ಏನೂ ಬೀಳಲಿಲ್ಲ. "ಇದು ಕೋವಿಯಲ್ಲಿದ್ದರೆ ಸಣ್ಣದೊಂದು ಟಪ್ ಅನ್ನುತ್ತಿತ್ತು. ಕೇಪಿನ ಶಬ್ದ, ಅಷ್ಟೇ. ಬಟ್ಟಲು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಮಗು ಅದನ್ನು ಗಮನಿಸದೆ ಇನ್ನೊಂದು ತೋಟೆ ಹಾಕಿ ಹಾರಿಸಿದರೆ..." ನಳಿಗೆ ಒಡೆಯುತ್ತದೆ ಎಂದು ಕೈಪಿಡಿಯಲ್ಲಿ ನಾನೇ ನಿಮಗೆ ಓದಿ ಹೇಳಿದ್ದೆ. ಮಗು ಎಂದಿರಿ. ಆ ಹುಡುಗಿಯರಲ್ಲಿ ಯಾರ ಹೆಸರೂ ನಿಮಗೆ ಗೊತ್ತಿರಲಿಲ್ಲ.

ಸಿಕ್ಕಿದ ಮೇಲೂ ನಿಲ್ಲಿಸದೆ ಉಳಿದವನ್ನೂ ಕತ್ತರಿಸಿದೆವು. ನಮ್ಮ ಈಜಿಪ್ಟಿನ ಮ್ಯಾನೇಜರ್ ಬಂದು ಗುಡ್ಡೆಗಳನ್ನು ನೋಡಿ ನಿಂತರು. ನಾನು ಬಾಯಿ ತೆರೆಯುವ ಮೊದಲೇ ನೀವು ಎದ್ದು ನಿಂತು, ಕೆಲಸದ ನಡುವೆ ಮೇಡಂ ಅವರನ್ನು ನಾನು ಮಾತನಾಡಿಸಿದೆ ಎಂದಿರಿ. ಏನು ಮಾತನಾಡಿಸಿದೆ ಎಂದು ಅವರು ಕೇಳಿದರು. "ಊರಿನ ವಿಷಯ," ಎಂದಿರಿ. ಎರಡಕ್ಕೂ ನಾನು ಹೌದೆಂದು ತಲೆಯಾಡಿಸಿದೆ. ಅವರು ಕೆಟ್ಟ ಮನುಷ್ಯರಲ್ಲ. "ಖಲಾಸ್," ಎಂದರು, "ಇನ್ನು ಯಂತ್ರ ಕೆಟ್ಟರೆ ಮಾತ್ರ ಕರೆದರೆ ಸಾಕು." ಅಷ್ಟಕ್ಕೇ ನಮ್ಮ ಶುಕ್ರವಾರಗಳು ಮುಗಿದವು.

ಯಂತ್ರ ಕೆಡಲಿಲ್ಲ. ನೀವು ಅಷ್ಟು ಚೆನ್ನಾಗಿ ಇಟ್ಟಿದ್ದಿರಿ. ಒಬ್ಬಳೇ ಇರುವುದರಿಂದ ಈಗ ಬಾಗಿಲು ಮುಚ್ಚಿಕೊಳ್ಳುತ್ತೇನೆ, ಮರಳೂ ಬರುವುದಿಲ್ಲ. ಎಲ್ಲ ನುಣ್ಣಗೆ ನಡೆಯುತ್ತದೆ. ಏಪ್ರಿಲ್ ಕೊನೆಯಲ್ಲಿ ನಾನು ಬೇಕೆಂದೇ ಬಾಗಿಲು ತೆರೆದಿಟ್ಟೆ. ಗಾಳಿ ಬೀಸಲಿಲ್ಲ. ಮುಚ್ಚಿದೆ. ಇಂಥ ಕೆಲಸಗಳನ್ನು ನಾನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ನೀವು ರಜೆಗೆ ಹೊರಡುವ ಮೊದಲು ಗೇಟಿನ ಹತ್ತಿರ ಬಂದಿರಿ. ನಿಮ್ಮ ಕಂಪನಿಯ ಬಸ್ಸು ಅಲ್ಲಿ ಹಾದುಹೋಗುವ ಸಮಯಕ್ಕೆ ನಾನೂ ಕಚೇರಿಯಿಂದ ಹೊರಗೆ ಬಂದಿದ್ದೆ, ಅದು ಆಕಸ್ಮಿಕವಲ್ಲ. ಉತ್ತರದಲ್ಲಿ ರಾಸ್ ಲಫಾನಿನ ಉರಿ ಆಕಾಶದ ಅಂಚಿಗೆ ಸ್ವಲ್ಪ ಕೆಂಪು ಹಚ್ಚಿತ್ತು.

"ಕಾಂಟ್ರಾಕ್ಟ್ ಮುಂದುವರಿಸುವ ಕಾಗದ ಕೊಟ್ಟಿದ್ದಾರೆ. ಜುಲೈ ಕೊನೆಗೆ ಊರಿನಿಂದ ಸಹಿ ಹಾಕಿ ಕಳಿಸಬೇಕು. ಹಾಕಬೇಕಾ, ಬೇಡವಾ?"

"ಅದನ್ನು ನಾನು ಯಾಕೆ ಹೇಳಬೇಕು?"

"ಮತ್ತೆ ಯಾರು ಹೇಳಬೇಕು ಮಾರಾಯ್ರೆ?"

ಬಸ್ಸು ಬಂತು. ನೀವು ಹತ್ತಿದಿರಿ. ಆ ಕಾಗದ ನಿಮ್ಮ ಪೆಟ್ಟಿಗೆಯಲ್ಲಿ ಮುಲ್ಕಿಗೆ ಹೋಯಿತು. ಪ್ರಶ್ನೆ ನನ್ನಲ್ಲಿ ಉಳಿಯಿತು.

ಝೊಹರಾ ನನ್ನ ಮುಖ ನೋಡಿ, "ಉಪ್ಪು ಹಾಕದ ಗಂಜಿ ಹಾಗೆ ಆಗಿದೆ," ಎಂದಳು. ಹೇಳಿದೆ. ಎಲ್ಲವನ್ನೂ ಹೇಳಿದೆ, ಹಸಿರು ತೋಟೆಯನ್ನೂ. ಅವಳು ಮೀನು ಹುರಿಯುತ್ತಿದ್ದಳು, ತಿರುಗಿಯೂ ನೋಡಲಿಲ್ಲ. "ನೀನು ಓದಿದವಳು, ಸುಮ್ಮನೆ ಸುತ್ತಿ ಸುತ್ತಿ ಯೋಚಿಸ್ತೀ. ಒಂದು ಸಲ ಅವನನ್ನು ಅಣ್ಣ ಅಂತ ಕರೆದುಬಿಡು. ಕರೆಯಲಿಕ್ಕೆ ಆಯಿತಾ, ಖಲಾಸ್, ಚಿಂತೆ ಮುಗಿಯಿತು. ಆಗಲಿಲ್ಲವಾ, ಆಗಲೂ ಖಲಾಸ್."

ನಗಬೇಡಿ. ಪ್ರಯತ್ನಿಸಿದೆ. ರೂಮಿಗೆ ಬಂದು, ಸ್ನಾನದ ಮನೆಯ ಕನ್ನಡಿಯ ಎದುರು ನಿಂತು, ನಿಮ್ಮ ಹೆಸರನ್ನು ಮೊದಲ ಸಲ ಗಟ್ಟಿಯಾಗಿ ಹೇಳಿದೆ. ಹೆಸರು ಬಂತು. ಅದಕ್ಕೆ ಸೇರಬೇಕಾದ ಆ ಎರಡು ಅಕ್ಷರ ಬರಲಿಲ್ಲ. ಮತ್ತೆ ಮಾಡಿದೆ. ಮೀನಿನ ವಾಸನೆ ಮೆಟ್ಟಿಲೇರಿ ಬರುತ್ತಿತ್ತು, ಪಕ್ಕದ ಮಸೀದಿಯಲ್ಲಿ ಸಂಜೆಯ ಮಗ್ರಿಬ್ ಬಾಂಗು ಶುರುವಾಗಿತ್ತು, ನಾನು ಕನ್ನಡಿಯಲ್ಲಿ ಬಾಯಿ ಅರ್ಧ ತೆರೆದ ನರೆಗೂದಲ ಹೆಂಗಸನ್ನು ನೋಡುತ್ತಾ ನಿಂತೆ. ಬಲ ಹಾಕಲಿಲ್ಲ.

ಹಾಗಾದರೆ ಉತ್ತರ ನನಗೆ ಗೊತ್ತಿದೆ. ಗೊತ್ತಿರುವುದೂ ಹೇಳುವುದೂ ಒಂದೇ ಅಲ್ಲ ಎಂಬುದಕ್ಕೆ ಇಷ್ಟು ಹಾಳೆ ಬೇಕಾಯಿತು.

ನನ್ನ ಸಂದೇಹಗಳನ್ನೂ ಬರೆದುಬಿಡುತ್ತೇನೆ. ನಿಮ್ಮ ಹೆಂಡತಿ ತೀರಿಕೊಂಡ ಮೇಲೆ ನೀವು ಬಯಸಿದ್ದು ಒಂದೇ, ಹೊಳೆಯ ಬದಿಯಲ್ಲಿ ಒಂದು ಸಣ್ಣ ದೋಣಿ, ಸಂಜೆ ಗಾಳ ಹಾಕುವುದು. ಈಗ ನೀವು ಅಲ್ಲಿದ್ದೀರಿ. ಮಳೆ ಇದೆ, ನಿಮ್ಮ ಅಕ್ಕನ ಕೈಯ ಊಟವಿದೆ. ಅಲ್ಲಿಂದ ನಿಮ್ಮನ್ನು ಮತ್ತೆ ಈ ಬಿಸಿಲಿಗೆ ಕರೆಯುವುದು ಸ್ವಾರ್ಥವಲ್ಲವೇ ಎಂದು ಕೇಳಿಕೊಂಡೆ. ಸ್ವಾರ್ಥವೇ. ಬೇರೆ ಒಳ್ಳೆಯ ಹೆಸರು ಹುಡುಕಿದೆ, ಸಿಗಲಿಲ್ಲ. ನಾನೇ ಕೆಲಸ ಬಿಟ್ಟು ಬರಬಹುದಲ್ಲ ಎಂದೂ ಯೋಚಿಸಿದೆ. ಬರುತ್ತೇನೆ, ಆದರೆ ಹೊಸ ಸೊಸೆಯ ಹಾಗೆ ನಿಮ್ಮ ಜಗಲಿಗೆ ನೇರ ಬಂದಿಳಿಯುವ ಧೈರ್ಯ ಇನ್ನೂ ಇಲ್ಲ. ನಮಗೆ ಸ್ವಲ್ಪ ಕಾಲ ಬೇಕು, ಹಿಡಿಯ ಮೇಲೆ ಯಾರ ಕೈಯೂ ಇಲ್ಲದ ಕಾಲ. ಝೊಹರಾಳ ಮನೆಯಲ್ಲಿ, ಅವಳ ಎದುರಿನಲ್ಲೇ, ಶುಕ್ರವಾರದ ಊಟಕ್ಕೆ ನೀವು ಬರಬಹುದು. ಅವಳೇ ಹೇಳಿದ್ದಾಳೆ. ಅಲ್ಲಿ ಎಷ್ಟು ಬೇಕಾದರೂ ಮಾತನಾಡಿ, ನಾನು ಕೇಳಿಸದವಳಂತೆ ಇರುವುದಿಲ್ಲ.

ಮುಂದಿನ ರಜೆಗೆ ಇಬ್ಬರೂ ಒಟ್ಟಿಗೆ ಊರಿಗೆ ಹೋಗೋಣ. ಮೊದಲು ಪೂವಕ್ಕನ ಹತ್ತಿರ, ಆಮೇಲೆ ನನ್ನ ತಮ್ಮನ ಹತ್ತಿರ. ಎರಡು ಕಡೆಯೂ ಸುಲಭವಾಗಿ ಒಪ್ಪಿಬಿಡುತ್ತಾರೆ ಎಂದು ನಾನು ಅಂದುಕೊಂಡಿಲ್ಲ. ನಾನು ಇಗರ್ಜಿಗೆ ಹೋಗುವುದನ್ನು ಬಿಡುವುದಿಲ್ಲ, ನೀವು ನಿಮ್ಮ ಮನೆಯ ಭೂತಕ್ಕೆ ಸೇವೆ ಸಲ್ಲಿಸುವುದನ್ನು ಬಿಡಬೇಡಿ. ನಾನು ಒಬ್ಬಳೇ ಇದ್ದು ಅಭ್ಯಾಸವಾದವಳು. ರಾತ್ರಿಯ ಊಟವನ್ನು ನಿಂತುಕೊಂಡೇ ಮುಗಿಸುತ್ತೇನೆ, ಬೇರೆಯವರು ಪಾತ್ರೆ ಜೋಡಿಸಿದರೆ ಹಿಂದೆಯೇ ಹೋಗಿ ಸರಿಮಾಡುತ್ತೇನೆ. ನಿಮಗೆ ಕಷ್ಟವಾಗಬಹುದು. ನನಗೂ ಆಗಬಹುದು. ಇದನ್ನು ಹೇಗೆ ಜೋಡಿಸಬೇಕು ಎಂದು ಓದಿ ಹೇಳಲು ನನ್ನ ಹತ್ತಿರ ಯಾವ ಪುಸ್ತಕವೂ ಇಲ್ಲ.

ಇಷ್ಟೆಲ್ಲ ತಿಳಿದ ಮೇಲೂ ನಿಮಗೆ ಅದೇ ಮನಸ್ಸಿದ್ದರೆ, ಆ ಕಾಗದಕ್ಕೆ ಸಹಿ ಹಾಕಿ. ಹಾಕಿ ಎಂದು ನಾನು ಹೇಳುತ್ತಿದ್ದೇನೆ. ಮುಂದೆ ಎಂದಾದರೂ ಈ ಬಿಸಿಲಿನಲ್ಲಿ ನಿಂತು, ಇಲ್ಲಿಗೆ ಮತ್ತೆ ಬಾ ಎಂದವರು ಯಾರು ಎಂದು ನಿಮಗೆ ಸಿಟ್ಟು ಬಂದರೆ ಹುಡುಕಬೇಕಾಗಿಲ್ಲ. ಕೆಳಗೆ ನಾನೂ ಸಹಿ ಹಾಕಿದ್ದೇನೆ.

ಮಳೆಯಲ್ಲಿ ಹೊಳೆಗೆ ಇಳಿಯಬೇಡಿ. ದೇವರು, ನಿಮ್ಮವರೂ ನನ್ನವರೂ, ನಿಮ್ಮನ್ನು ಕಾಪಾಡಿ ಕ್ಷೇಮವಾಗಿ ಈ ದಡಕ್ಕೆ ತಲುಪಿಸಲಿ.

ನಿಮ್ಮ,
ಎಲೈಜಾ